ಬಿದ್ದುಹೋಗುವ ಹಲ್ಲೆಂಬ ಅಸಡ್ಡೆ, ಮಗುವಿಗೆ ರಾತ್ರಿಯಿಡೀ ನೋವು

ದೀಪಾವಳಿ ಕಳೆಯುತ್ತಿದ್ದಂತೆ ಬಾಗಲಕೋಟೆ ಜಿಲ್ಲೆಯ ಸಮೀರವಾಡಿಯ ರಸ್ತೆಗಳಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರುಗಳ ಸಾಲು ಕಾಣಿಸಿಕೊಳ್ಳುತ್ತದೆ. ಗೋದಾವರಿ ಸಕ್ಕರೆ ಕಾರ್ಖಾನೆಯ ಸುತ್ತಲಿನ ಹಳ್ಳಿಗಳಲ್ಲಿ ಈ ಹಂಗಾಮಿನಲ್ಲಿ ಮಕ್ಕಳ ಕೈಗೆ ಕಬ್ಬಿನ ಗಣಿಕೆ ಬರುವುದು ಸಹಜ. ಸಮೀಪದ ಮಹಾಲಿಂಗಪುರವಂತೂ ಬೆಲ್ಲದ ಪೇಟೆಗೆ ಹೆಸರಾದ ಊರು. ಸಿಹಿಯ ಸೀಮೆಯಲ್ಲಿ ಮಕ್ಕಳ ಹಲ್ಲು ಹುಳುಕಾಗದೆ ಇದ್ದೀತೇ ಎಂದು ಹೊರಗಿನವರು ಕೇಳಬಹುದು. ಆದರೆ ದೋಷವನ್ನೆಲ್ಲ ಕಬ್ಬಿನ ಮೇಲೆ ಹೊರಿಸಿದರೆ ನಿಜವಾದ ಕಾರಣ ಮರೆಯಾಗುತ್ತದೆ.

ಹುಳುಕು ಎಂಬ ಹೆಸರಿನಲ್ಲೇ ಹುಳುವಿದೆ. ಗುಳ್ಳದ ಬೀಜದ ಹೊಗೆ ಹಾಕಿ ಹಲ್ಲಿನ ಹುಳು ಉದುರಿಸುವ ಪದ್ಧತಿ ಹಳ್ಳಿಗಳಿಗೆ ಹೊಸದಲ್ಲ. ವಾಸ್ತವದಲ್ಲಿ ಹಲ್ಲಿನೊಳಗೆ ಹುಳುವೇ ಇರುವುದಿಲ್ಲ. ಬಾಯಿಯಲ್ಲಿ ನೆಲೆಸಿರುವ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಆಮ್ಲವಾಗಿಸುತ್ತವೆ. ಆ ಆಮ್ಲ ಹಲ್ಲಿನ ಹೊರಕವಚವಾದ ಎನಾಮಲ್‌ನಿಂದ ಖನಿಜಾಂಶವನ್ನು ಕರಗಿಸುತ್ತದೆ. ಜೊಲ್ಲು ಈ ಆಮ್ಲವನ್ನು ತೊಳೆದು, ಕಳೆದುಹೋದ ಖನಿಜವನ್ನು ಮರಳಿ ತುಂಬುತ್ತದೆ. ಅದಕ್ಕೆ ಬೇಕಾದುದು ಬಿಡುವು, ಅಷ್ಟೇ.

ಆ ಬಿಡುವು ಇಂದಿನ ಮಕ್ಕಳ ಬಾಯಿಗೆ ಸಿಗುತ್ತಿಲ್ಲ. 1940ರ ದಶಕದಲ್ಲಿ ಸ್ವೀಡನ್ನಿನ ವಿಪೆಹೋಮ್ ಆಸ್ಪತ್ರೆಯಲ್ಲಿ ಬುದ್ಧಿಮಾಂದ್ಯರ ಮೇಲೆ ನಡೆದ ಪ್ರಯೋಗ ಇದನ್ನು ತೋರಿಸಿಕೊಟ್ಟಿತು. ಊಟದೊಂದಿಗೆ ತಿಂದ ಸಕ್ಕರೆಗಿಂತ, ಊಟಗಳ ನಡುವೆ ಮತ್ತೆಮತ್ತೆ ತಿಂದ ಅಂಟು ಮಿಠಾಯಿಯೇ ಹಲ್ಲನ್ನು ಹೆಚ್ಚು ಕೆಡಿಸಿತ್ತು. (ಒಪ್ಪಿಗೆ ಕೊಡಲಾರದವರ ಹಲ್ಲು ಕೆಡಿಸಿ ಪಡೆದ ಜ್ಞಾನವದು, ಇಂದು ಅಂಥ ಪ್ರಯೋಗಕ್ಕೆ ಯಾರೂ ಅನುಮತಿ ನೀಡಲಾರರು.) ಒಮ್ಮೆ ಕಬ್ಬು ಜಗಿದು ಬಾಯಿ ಮುಕ್ಕಳಿಸುವ ಮಗುವಿಗಿಂತ, ಐದು ನಿಮಿಷಕ್ಕೊಮ್ಮೆ ಬಿಸ್ಕತ್ತು, ಚಾಕೊಲೇಟು ಮೆಲ್ಲುವ ಮಗುವಿಗೆ ಅಪಾಯ ಹೆಚ್ಚು. ಬೆಲ್ಲಕ್ಕೂ ವಿನಾಯಿತಿಯಿಲ್ಲ. ಸಕ್ಕರೆ ಹಾಕಿದ ಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟುಕೊಂಡೇ ನಿದ್ರಿಸುವ ಕೂಸಿನ ಸ್ಥಿತಿ ಇನ್ನೂ ಕಷ್ಟದ್ದು. ನಿದ್ರೆಯಲ್ಲಿ ಜೊಲ್ಲು ಸುರಿಯುವುದೇ ಕಡಿಮೆ.

ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯಂತೆ ಜಗತ್ತಿನ 51.4 ಕೋಟಿ ಮಕ್ಕಳ ಹಾಲುಹಲ್ಲುಗಳು ಹುಳುಕಾಗಿವೆ. ಇಷ್ಟಾದರೂ ಪಾಲಕರ ಸಮಾಧಾನದ ಮಾತು ಒಂದೇ: ‘ಹೆಂಗಿದ್ರೂ ಬಿದ್ದ್ ಹೋಗೂ ಹಲ್ಲು’.

ಬೀಳುವುದು ನಿಜ, ಆದರೆ ಯಾವಾಗ? ಮುಂದಿನ ಹಲ್ಲುಗಳು ಆರು-ಏಳನೆಯ ವರ್ಷದಲ್ಲಿ ಬಿದ್ದರೆ, ಹಾಲಿನ ದವಡೆ ಹಲ್ಲುಗಳು ಹತ್ತು-ಹನ್ನೆರಡರವರೆಗೂ ಇರಬೇಕು. ನಾಲ್ಕರ ವಯಸ್ಸಿನಲ್ಲಿ ಹುಳುಕಾದ ದವಡೆ ಹಲ್ಲು ಇನ್ನೂ ಆರೆಂಟು ವರ್ಷ ಮಗುವಿನ ಊಟ, ನಿದ್ರೆಗಳನ್ನು ಕಸಿಯಬಲ್ಲದು. ಹಾಲುಹಲ್ಲಿನ ಎನಾಮಲ್ ತೆಳುವಾದ್ದರಿಂದ ಹುಳುಕು ಬೇಗನೆ ನರದವರೆಗೆ ಇಳಿಯುತ್ತದೆ. ಮಲಗಿದಾಗ ತಲೆಯ ಕಡೆಗೆ ರಕ್ತದ ಒತ್ತಡ ಹೆಚ್ಚುವುದರಿಂದ ನೋವು ರಾತ್ರಿಯೇ ಕೆರಳುತ್ತದೆ. ಬೇರಿನ ತುದಿಯ ಕೀವು ಕೆಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲಿಗೂ ಕಲೆ ಮೂಡಿಸಬಹುದು. ಅವಧಿಗೆ ಮುನ್ನ ಕಿತ್ತರೆ ಅಕ್ಕಪಕ್ಕದ ಹಲ್ಲುಗಳು ಖಾಲಿ ಜಾಗಕ್ಕೆ ವಾಲಿ, ಹೊಸ ಹಲ್ಲು ಓರೆಯಾಗಿ ಹುಟ್ಟುತ್ತದೆ.

ಇನ್ನೊಂದು ಮೋಸವೂ ಉಂಟು. ಆರನೆಯ ವರ್ಷದ ಸುಮಾರಿಗೆ ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆಯೇ ಮೊದಲ ಶಾಶ್ವತ ದವಡೆ ಹಲ್ಲು ಮೂಡುತ್ತದೆ. ಅದೂ ಹಾಲುಹಲ್ಲೇ ಎಂದು ಭಾವಿಸಿ ಕೆಡಲು ಬಿಟ್ಟವರು ಬಹಳ. ಅದು ಹೋದರೆ ಮತ್ತೆ ಹುಟ್ಟದು.

ನೋವು ಬಂದ ರಾತ್ರಿ ಉಗುರುಬೆಚ್ಚಗಿನ ಉಪ್ಪುನೀರಿನಿಂದ ಬಾಯಿ ಮುಕ್ಕಳಿಸಿ, ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್ ಕೊಡಬಹುದು. ಆಸ್ಪಿರಿನ್ ಗುಳಿಗೆಯನ್ನಾಗಲೀ, ತಂಬಾಕನ್ನಾಗಲೀ ಹಲ್ಲಿಗೆ ಒತ್ತಿಡಕೂಡದು. ಗಲ್ಲ ಊದಿಕೊಂಡು ಜ್ವರ ಬಂದರೆ, ನುಂಗಲು ಕಷ್ಟವಾದರೆ ಬೆಳಗಿನವರೆಗೂ ಕಾಯುವಂತಿಲ್ಲ.

ಚಿಕಿತ್ಸೆಯೆಂದರೆ ಕೀಳುವುದೊಂದೇ ಅಲ್ಲ. ಬಿಳಿ ಮಚ್ಚೆಯ ಹಂತದಲ್ಲಿ ಫ್ಲೋರೈಡ್ ಲೇಪನ ಸಾಕಾಗಬಹುದು. ಹಲ್ಲು ಕೊರೆಯದೆ ಹುಳುಕನ್ನು ತಡೆಯುವ ಸಿಲ್ವರ್ ಡೈಅಮೈನ್ ಫ್ಲೋರೈಡ್ ದ್ರಾವಣವು 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಗಳ ಪಟ್ಟಿ ಸೇರಿದೆ. ಅದು ಹುಳುಕಿನ ಜಾಗವನ್ನು ಕಪ್ಪಾಗಿಸುತ್ತದೆ ಎಂಬುದನ್ನು ಪಾಲಕರಿಗೆ ಮೊದಲೇ ಹೇಳಬೇಕು. ಮನೆಯಲ್ಲಿ ಫ್ಲೋರೈಡ್ ಪೇಸ್ಟು ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಆನಂತರ ಬಟಾಣಿಯಷ್ಟು ಸಾಕು. ಏಳೆಂಟು ವರ್ಷದವರೆಗೂ ದೊಡ್ಡವರೇ ಉಜ್ಜಬೇಕು, ಮುಖ್ಯವಾಗಿ ರಾತ್ರಿ.

ಬಾಗಲಕೋಟೆಯಲ್ಲಿ ದಂತವೈದ್ಯಕೀಯ ಕಾಲೇಜಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿಗಳಲ್ಲಿ ವರ್ಷಕ್ಕೆರಡು ಬಾರಿ, ಸರ್ಕಾರಿ ಶಾಲೆಗಳಲ್ಲಿ ಒಂದು ಬಾರಿ ನಡೆಯಬೇಕಾದ ತಪಾಸಣೆಯಲ್ಲಿ ಹಲ್ಲೂ ಸೇರಿದೆ. ಆದರೆ ತಪಾಸಣೆ ನಡೆಯುವುದು ಅಂಗನವಾಡಿ, ಶಾಲೆಗಳಲ್ಲಿ. ಕಟಾವಿನ ಗ್ಯಾಂಗುಗಳೊಂದಿಗೆ ಊರು ಬಿಟ್ಟು ಬಂದು, ಹಂಗಾಮು ಮುಗಿಯುವ ತನಕ ಹೊಲದಂಚಿನ ಗುಡಿಸಲುಗಳಲ್ಲಿರುವ ಮಕ್ಕಳ ಹೆಸರು ಇಲ್ಲಿನ ಹಾಜರಿ ಪುಸ್ತಕದಲ್ಲಿರುವುದಿಲ್ಲ. ತಮ್ಮೂರಿನ ಶಾಲೆಗೆ ವೈದ್ಯರ ತಂಡ ಬಂದ ದಿನ ಅವರು ಅಲ್ಲಿರುವುದಿಲ್ಲ.