ಸೊಪ್ಪಿನ ಸತ್ತ್ವವೂ ಮನಸ್ಸಿನ ವ್ಯಾಧಿಯೂ

1975ರಲ್ಲಿ ಅಮೆರಿಕದ ಮೂವರು ವಿಜ್ಞಾನಿಗಳು ಹದಿಹರೆಯದ ಬಾಲಿಕೆಯೊಬ್ಬಳ ವಿಚಿತ್ರ ವೃತ್ತಾಂತವನ್ನು ಪ್ರಕಟಿಸಿದರು. ಬುದ್ಧಿ ತುಸು ಮಂದವಾಗಿದ್ದ ಆಕೆಗೆ ಮತ್ತೆ ಮತ್ತೆ ಚಿತ್ತಭ್ರಮೆ ಕವಿಯುತ್ತಿತ್ತು. ಲಕ್ಷಣಗಳು ಸ್ಕಿಜೋಫ್ರೇನಿಯಾ ಎಂಬ ಘೋರ ಮನೋರೋಗವನ್ನೇ ಹೋಲುತ್ತಿದ್ದವು. ಆದರೆ ಆ ಭ್ರಮೆ ಮಣಿದದ್ದು ಫೋಲಿಕ್ ಆಮ್ಲವೆಂಬ ಸಾಧಾರಣ ಜೀವಸತ್ತ್ವಕ್ಕೆ! ಆಕೆಯ ದೇಹದಲ್ಲಿ ಒಂದು ಕಿಣ್ವದ ಶಕ್ತಿ ಕುಂದಿತ್ತು.

ಹಸಿರು ಸೊಪ್ಪು, ಕಡಲೆ, ಹೆಸರುಕಾಳುಗಳಲ್ಲಿ ಈ ಸತ್ತ್ವ ಹೇರಳವಾಗಿದೆ. 1941ರಲ್ಲಿ ಪಾಲಕ್ ಸೊಪ್ಪಿನಿಂದ ಇದನ್ನು ಬೇರ್ಪಡಿಸಿದವರು, ಎಲೆ ಎಂಬರ್ಥದ ಲ್ಯಾಟಿನ್ ಪದದಿಂದಲೇ ಇದಕ್ಕೆ ಹೆಸರಿಟ್ಟರು. ಆಂಧ್ರದ ಭೀಮಾವರದಲ್ಲಿ ಜನಿಸಿ ಅಮೆರಿಕದಲ್ಲಿ ನೆಲೆಸಿದ ಯಲ್ಲಾಪ್ರಗಡ ಸುಬ್ಬರಾಯರ ತಂಡ 1945ರಲ್ಲಿ ಇದನ್ನು ಪ್ರಯೋಗಶಾಲೆಯಲ್ಲಿಯೇ ತಯಾರಿಸಿತು.

ಉಂಡ ಫೋಲೇಟು ಹಾಗೆಯೇ ಉಪಯೋಗಕ್ಕೆ ಬಾರದು. ಹಲವು ಕಿಣ್ವಗಳು ಅದನ್ನು ಹಂತಹಂತವಾಗಿ ಮಾರ್ಪಡಿಸಬೇಕು. ಎಂ.ಟಿ.ಎಚ್.ಎಫ್.ಆರ್. ಎಂಬ ಕಿಣ್ವ ಹೀಗೆ ಸಿದ್ಧಗೊಳಿಸುವ ರೂಪವು, ಬಿ-12 ಜೀವಸತ್ತ್ವದ ನೆರವಿನಿಂದ, ಹೋಮೋಸಿಸ್ಟೀನ್ ಎಂಬ ವಸ್ತುವನ್ನು ಮೆಥಿಯೋನಿನ್ ಆಗಿ ಬದಲಿಸುತ್ತದೆ. ಮಿದುಳಿನ ಅನೇಕ ರಾಸಾಯನಿಕ ಕ್ರಿಯೆಗಳಿಗೆ ಈ ಬದಲಾವಣೆ ಆಧಾರ. ಕಿಣ್ವ ಸೋತರೆ ಹೋಮೋಸಿಸ್ಟೀನ್ ರಕ್ತದಲ್ಲಿ ಹೆಚ್ಚುತ್ತದೆ. ಈ ಕಿಣ್ವದ ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರದಷ್ಟು ವ್ಯತ್ಯಾಸವು ಬಹು ಜನರಲ್ಲಿ ಇರುವುದೆಂದು 1995ರಲ್ಲಿ ತಿಳಿದುಬಂತು. ತಾಯಿ ತಂದೆ ಇಬ್ಬರಿಂದಲೂ ಅದನ್ನು ಪಡೆದವರಲ್ಲಿ ಕಿಣ್ವದ ಚುರುಕು ಬಹಳ ಕುಗ್ಗುತ್ತದೆ. ಸ್ಕಿಜೋಫ್ರೇನಿಯಾ ರೋಗಿಗಳಲ್ಲಿ ಇಂಥವರು ಸ್ವಲ್ಪ ಹೆಚ್ಚೆಂದು ಹಲವು ಅಧ್ಯಯನಗಳು ಹೇಳುತ್ತವೆ. ಹಾಗೆಂದು ಭಯಪಡಬೇಕಾಗಿಲ್ಲ, ಈ ವ್ಯತ್ಯಾಸವುಳ್ಳ ಬಹುಪಾಲು ಜನ ಆರೋಗ್ಯವಾಗಿಯೇ ಇದ್ದಾರೆ.

ಇನ್ನೊಂದು ಸುಳಿವು ಯುದ್ಧಕಾಲದ ಹಾಲೆಂಡಿನದು. 1944-45ರ ಚಳಿಗಾಲದಲ್ಲಿ ಜರ್ಮನರ ದಿಗ್ಬಂಧನದಿಂದ ಅಲ್ಲಿನ ಪಶ್ಚಿಮ ನಗರಗಳ ಜನರಿಗೆ ದಿನಕ್ಕೆ 1000 ಕ್ಯಾಲೊರಿಯೂ ದೊರೆಯದಾಯಿತು. ಕ್ಷಾಮದ ಶಿಖರದಲ್ಲಿ ಗರ್ಭದಲ್ಲಿ ಮೊಳೆತ ಶಿಶುಗಳಿಗೆ ಮುಂದೆ ಈ ರೋಗ ಸುಮಾರು ಎರಡು ಪಟ್ಟು ಹೆಚ್ಚಾಗಿ ತಗುಲಿತು. 1959-61ರ ಚೀನಾ ಕ್ಷಾಮದ ಅಧ್ಯಯನವೂ ಇದನ್ನೇ ಸಾರಿತು. ಹಸಿದ ತಾಯಿಗೆ ಎಲ್ಲ ಪೋಷಕಾಂಶಗಳೂ ಕೊರತೆಯೇ; ಫೋಲೇಟು ಶಂಕಿತರಲ್ಲೊಂದು ಮಾತ್ರ.

ಹಾಗಾದರೆ ಮಾತ್ರೆ ನುಂಗಿದರೆ ಮನೋರೋಗ ವಾಸಿಯಾದೀತೇ? 2013ರಲ್ಲಿ ಅಮೆರಿಕದಲ್ಲಿ 140 ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಎಂದಿನ ಔಷಧದೊಡನೆ ಫೋಲಿಕ್ ಆಮ್ಲ ಮತ್ತು ಬಿ-12 ಕೊಡಲಾಯಿತು. ನಿರುತ್ಸಾಹ, ಮೌನಗಳಂತಹ ಲಕ್ಷಣಗಳು ತಗ್ಗಿದ್ದು ಫೋಲೇಟು ಹೀರುವಿಕೆಗೆ ಸಂಬಂಧಿಸಿದ ವಂಶವಾಹಿಯ ಭೇದವನ್ನು ಅನುಸರಿಸಿ, ಎಲ್ಲರಲ್ಲೂ ಅಲ್ಲ.

ಆದುದರಿಂದ ವೈದ್ಯರು ಕೊಟ್ಟ ಔಷಧವನ್ನು ಬಿಟ್ಟು ಜೀವಸತ್ತ್ವವನ್ನೇ ನಂಬುವುದು ಅಪಾಯಕರ. ಬಿ-12 ಕೊರತೆ ಇದ್ದವರು, ವಿಶೇಷವಾಗಿ ಸಸ್ಯಾಹಾರಿಗಳು, ಫೋಲಿಕ್ ಆಮ್ಲವೊಂದನ್ನೇ ಸೇವಿಸಿದರೆ ರಕ್ತಹೀನತೆ ಮರೆಯಾಗಿ ನರಗಳ ಹಾನಿ ಗುಟ್ಟಾಗಿ ಮುಂದುವರಿಯಬಹುದು. ಆದರೆ ಗರ್ಭಧಾರಣೆಗೆ ಮುಂಚಿನಿಂದಲೇ ವೈದ್ಯರ ಸಲಹೆಯಂತೆ ಫೋಲಿಕ್ ಆಮ್ಲ ಸೇವಿಸುವುದು ಶಿಶುವಿನ ಬೆನ್ನುಹುರಿಯ ದೋಷಗಳನ್ನು ಬಹುವಾಗಿ ತಡೆಯುವುದೆಂಬುದು 1991ರಲ್ಲಿಯೇ ಸಿದ್ಧವಾಗಿದೆ.

ಮನೆಯ ಮಗನೋ ಮಗಳೋ ಮಂಕಾದಾಗ ಗ್ರಹಗತಿಯನ್ನು, ಹೆತ್ತವಳ ಪಾಲನೆಯನ್ನು ದೂರುವ ರೂಢಿ ಇನ್ನೂ ಅಳಿದಿಲ್ಲ. ಮನೋವ್ಯಾಧಿಯೂ ದೇಹದ ವ್ಯಾಧಿಯಂತೆಯೇ ಎಂಬುದನ್ನು ಆ ಬಾಲಿಕೆಯ ಕಿಣ್ವ ತೋರಿಸಿಕೊಟ್ಟಿತು. ಅಂತಹ ಮನೆಗೆ ಬೇಕಾದುದು ನಾಚಿಕೆಯಲ್ಲ, ಸಕಾಲದ ಚಿಕಿತ್ಸೆ.