ಎದುರು ಬಾಗಿಲಿನ ನೆರೆಮನೆ

ಮಂಗಳೂರಿನ ಫಳ್ನೀರ್, ಕಂಕನಾಡಿ, ಅತ್ತಾವರದ ರಸ್ತೆಗಳಲ್ಲಿ ಒಮ್ಮೆ ತಲೆಯೆತ್ತಿ ನೋಡಿ. ಹಂಚಿನ ಮನೆ, ಹಿತ್ತಿಲ ಹಲಸು, ಬಾವಿಕಟ್ಟೆ ಇದ್ದ ಕಡೆಗಳಲ್ಲಿ ಈಗ ಹತ್ತು ಹದಿನೈದು ಅಂತಸ್ತಿನ ಕಟ್ಟಡಗಳು. ಗಂಡ ಗಲ್ಫ್‌ನಲ್ಲಿ, ಮಕ್ಕಳ ಓದಿಗಾಗಿ ಹೆಂಡತಿ ಪೇಟೆಯಲ್ಲಿ. ಉಳ್ಳಾಲ, ಬಂಟ್ವಾಳ, ಪುತ್ತೂರು ಕಡೆಯ ಎಷ್ಟೋ ಕುಟುಂಬಗಳಿಗೆ ಇಲ್ಲೊಂದು ಫ್ಲ್ಯಾಟ್ ಜೀವಮಾನದ ಕನಸು. ಅದರಲ್ಲಿ ತಪ್ಪೇನೂ ಇಲ್ಲ. ವಿಶಾಲವಾದ ಮನೆಯನ್ನು ಪ್ರವಾದಿಯವರು(ಸ) ಮನುಷ್ಯನ ಸೌಭಾಗ್ಯಗಳಲ್ಲೊಂದಾಗಿ ಎಣಿಸಿದ್ದಾರೆ. ಅದೇ ವಚನದಲ್ಲಿ ಒಳ್ಳೆಯ ನೆರೆಯವನನ್ನೂ ಸೇರಿಸಿದ್ದಾರೆ. ನಾವು ಮೊದಲನೆಯದನ್ನು ಓದಿ ಎರಡನೆಯದನ್ನು ಮರೆತುಬಿಡುತ್ತೇವೆ.

ಫ್ಲ್ಯಾಟ್ ನೋಡಲು ಹೋದಾಗ ನೀವು ಏನೇನು ವಿಚಾರಿಸುತ್ತೀರಿ? ಈಜುಕೊಳ, ಜಿಮ್, ಅಡುಗೆಮನೆಯ ಕಪಾಟಿನ ಬಣ್ಣ! 1,500 ಚದರಡಿ ಎಂದು ಹೇಳಿದರೆ ಅದರಲ್ಲಿ ಮೆಟ್ಟಿಲು, ಲಿಫ್ಟ್, ಲಾಬಿಯ ಪಾಲೂ ಸೇರಿರಬಹುದು. ಕಾರ್ಪೆಟ್ ಏರಿಯಾ ಎಷ್ಟೆಂದು ಕೇಳಿ. 2016ರ ರೇರಾ ಕಾಯ್ದೆಯ ಪ್ರಕಾರ ಅದನ್ನು ತಿಳಿಸಲೇಬೇಕು. ಕರಾರು ನೋಂದಣಿಯಾಗುವ ಮೊದಲು ಬೆಲೆಯ ಶೇ. 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಕಟ್ಟಡದ ರಚನೆಯಲ್ಲಿ ದೋಷ ಕಂಡರೆ, ಮನೆ ಕೈಗೆ ಬಂದ 5 ವರ್ಷಗಳವರೆಗೆ ಬಿಲ್ಡರೇ ಸರಿಪಡಿಸಿ ಕೊಡಬೇಕು. ನಿರ್ವಹಣಾ ವೆಚ್ಚ ಚದರಡಿಗೆ 3 ರೂ. ಎಂದಿಟ್ಟುಕೊಂಡರೂ ತಿಂಗಳಿಗೆ 4,500 ರೂ. ಆಯಿತು. ಗಲ್ಫ್‌ನ ಸಂಬಳ ನಿಂತ ಮೇಲೂ ಅದು ನಿಲ್ಲುವುದಿಲ್ಲ. ಇನ್ನು ನೀರು. ತುಂಬೆ ಅಣೆಕಟ್ಟಿನಲ್ಲಿ ನೀರು ತಗ್ಗಿ 2019ರ ಬೇಸಿಗೆಯಲ್ಲಿ ಇಡೀ ನಗರವೇ ಸರದಿಯಂತೆ ನೀರು ಪಡೆಯಬೇಕಾಯಿತು. ಆಗ ಈಜುಕೊಳವಿದ್ದ ಕಟ್ಟಡಗಳಿಗೂ ಟ್ಯಾಂಕರ್ ಬೇಕಾಯಿತು.

ಇದನ್ನೆಲ್ಲ ವಿಚಾರಿಸುವವರೂ ಒಂದು ಸಂಗತಿಯನ್ನು ನೋಡುವುದಿಲ್ಲ. ನನ್ನ ಪರಿಚಯದ ಸಹೋದರಿಯೊಬ್ಬಳು ಎಂಟನೇ ಮಹಡಿಯಲ್ಲಿ ಉಮ್ಮ ಮತ್ತು ಇಬ್ಬರು ಹೆಣ್ಣುಮಕ್ಕಳೊಂದಿಗೆ ಎರಡು ವರ್ಷಗಳಿಂದ ವಾಸವಾಗಿದ್ದಳು. ಆ ಮಹಡಿಯಲ್ಲಿ ನಾಲ್ಕು ಬಾಗಿಲುಗಳು. ಒಂದರ ಹಿಂದೆ ಯಾರಿದ್ದಾರೆಂದೂ ಅವಳಿಗೆ ತಿಳಿದಿರಲಿಲ್ಲ. ಒಂದು ರಾತ್ರಿ ಉಮ್ಮ ತೀರಿಕೊಂಡರು. ಗಂಡ ದಮ್ಮಾಮಿನಲ್ಲಿ, ಅಣ್ಣ ಊರಿನಿಂದ ಬರಲು ಒಂದೂವರೆ ಗಂಟೆ. ಮಕ್ಕಳ ಅಳು ಕೇಳಿ ಎದುರು ಮನೆಯ ಬಾಗಿಲು ತೆರೆಯಿತು. ನೈಟಿಯ ಮೇಲೆ ಶಾಲು ಹೊದ್ದುಕೊಂಡು ಬಂದ ಕ್ರೈಸ್ತ ಮಹಿಳೆ ಏನನ್ನೂ ಕೇಳದೆ ಮಕ್ಕಳನ್ನು ತನ್ನ ಮನೆಗೆ ಕರೆದೊಯ್ದು ಮಲಗಿಸಿದರು. ಮಯ್ಯಿತ್ತನ್ನು ಊರಿಗೆ ಒಯ್ಯಲು ಆಂಬುಲೆನ್ಸ್ ಬಂದಾಗ ತಿಳಿಯಿತು: ಲಿಫ್ಟಿನಲ್ಲಿ ಸ್ಟ್ರೆಚರ್ ಹಿಡಿಸುವುದಿಲ್ಲ. ಎಂಟು ಮಹಡಿಗಳನ್ನು ಮೆಟ್ಟಿಲುಗಳಲ್ಲೇ ಇಳಿಸಬೇಕಾಯಿತು. ಹೆಗಲು ಕೊಟ್ಟವರು ಅವಳ ಅಣ್ಣ, ಎದುರು ಮನೆಯ ಯಜಮಾನ, ಆರನೇ ಮಹಡಿಯ ಭಟ್ಟರೊಬ್ಬರು ಮತ್ತು ಕಾವಲುಗಾರ.

"ಎರಡು ವರ್ಷ ಅವರಿಗೆ ಒಂದು ತಟ್ಟೆ ಪತ್ತಿರಿಯನ್ನೂ ಕೊಟ್ಟಿರಲಿಲ್ಲ" ಎಂದು ಅವಳು ನನ್ನೆದುರು ಅತ್ತಳು.

ಸಾರು ಮಾಡುವಾಗ ನೀರು ಸ್ವಲ್ಪ ಹೆಚ್ಚಿಸಿ ನೆರೆಯವರಿಗೂ ಕೊಡುವಂತೆ ಪ್ರವಾದಿಯವರು(ಸ) ಅಬೂದರ್ರ್‌ರಿಗೆ(ರ) ಉಪದೇಶಿಸಿದ್ದರು. ನೆರೆಯವರೆಂದರೆ ನಮ್ಮವರು ಮಾತ್ರವೇ? ಅಬ್ದುಲ್ಲಾ ಬಿನ್ ಅಮ್ರ್‌ರ(ರ) ಮನೆಯಲ್ಲಿ ಆಡು ಕೊಯ್ದಾಗ ಅವರು ಮೊದಲು ವಿಚಾರಿಸಿದ್ದು ನೆರೆಯ ಯಹೂದಿಗೆ ಪಾಲು ಹೋಯಿತೇ ಎಂದು. ಇಲ್ಲಿ ಒಂದು ಮಾತು ಹೇಳಲೇಬೇಕು. ಕೆಲವು ಕಟ್ಟಡಗಳಲ್ಲಿ ಮುಸ್ಲಿಮರೆಂದು ತಿಳಿದರೆ ಮನೆ ಕೊಡುವುದಿಲ್ಲ, ಆ ನೋವು ನಿಜ. ಆದರೆ ಮನೆ ಸಿಕ್ಕಿದ ಮೇಲೆ ಬಾಗಿಲು ಮುಚ್ಚಿಕೊಂಡವರು ನಾವೇ ಆಗಿದ್ದರೆ?

ಮುಂದಿನ ಬಾರಿ ಫ್ಲ್ಯಾಟ್ ನೋಡಲು ಹೋದಾಗ ಲಿಫ್ಟಿನ ಒಳಗೆ ನಿಂತು ಅದರ ಉದ್ದ ಅಳೆಯಿರಿ. ಸ್ಟ್ರೆಚರ್ ಹಿಡಿಸುವ ಲಿಫ್ಟ್ ಒಂದಾದರೂ ಇದೆಯೇ ಎಂದು ಕೇಳಿ. ಆಮೇಲೆ ಆ ಮಹಡಿಯ ಉಳಿದ ಬಾಗಿಲುಗಳ ಗಂಟೆ ಒತ್ತಿ, ನಿಮ್ಮ ಹೆಸರು ಹೇಳಿ.

ಆ ಸಹೋದರಿ ಈಗಲೂ ಅಲ್ಲೇ ಇದ್ದಾಳೆ. ರಮಝಾನಿನಲ್ಲಿ ಅವಳ ತಟ್ಟೆ ಎದುರು ಮನೆಗೆ ಹೋಗುತ್ತದೆ, ಕ್ರಿಸ್ಮಸ್‌ಗೆ ಅಲ್ಲಿಂದ ಕಲ್‌ಕಲ್ ತುಂಬಿಕೊಂಡು ಬರುತ್ತದೆ. ಆರನೇ ಮಹಡಿಯ ಭಟ್ಟರ ಮನೆಗೆ ಮಾತ್ರ ಅವಳು ಹಣ್ಣು ಕಳುಹಿಸುತ್ತಾಳೆ.