ಮಾಸ್ಕ್ ಮೇಲಿನ ಗುರುತುಗಳ ಅರ್ಥವೇನು?

ಪ್ರಶ್ನೆ: ನನ್ನ ತಮ್ಮ ಕೆಂಪುಕಲ್ಲಿನ ಕೋರೆಯಲ್ಲಿ ಯಂತ್ರದಿಂದ ಕಲ್ಲು ಕೊಯ್ಯುತ್ತಾನೆ. ‘ಎನ್95’, ‘ಎಫ್‌ಎಫ್‌ಪಿ2’ ಎಂದು ಬರೆದ ಮಾಸ್ಕ್‌ಗಳಲ್ಲಿ ಯಾವುದನ್ನು ಕೊಡಿಸಲಿ?
– ಓದುಗರು, ಬೆಳ್ತಂಗಡಿ

ಉತ್ತರ: ಎನ್95 ಅಮೆರಿಕದ ನಿಯೋಶ್ ಸಂಸ್ಥೆಯ ದರ್ಜೆ. ಪರೀಕ್ಷೆಯಲ್ಲಿ ಸುಮಾರು 0.3 ಮೈಕ್ರಾನ್ ಗಾತ್ರದ ಕಣಗಳನ್ನೂ ಅದು ಕನಿಷ್ಠ ಶೇ 95ರಷ್ಟು ತಡೆಯಬೇಕು. ನಮ್ಮ ದೇಶದ ಮಾನದಂಡ ಐಎಸ್ 9473. ಅದರ ಎಫ್‌ಎಫ್‌ಪಿ2 ದರ್ಜೆ ಶೇ 94ರಷ್ಟು ತಡೆಯುತ್ತದೆ. ಎರಡೂ ಬಹುತೇಕ ಸಮ. ಆಸ್ಪತ್ರೆಯ ಸರ್ಜಿಕಲ್ ಮಾಸ್ಕ್‌ನದು ಬೇರೆ ಮಾನದಂಡ, ಐಎಸ್ 16289. ಅದು ಕೆನ್ನೆಗೆ ಬಿಗಿಯಾಗಿ ಕೂರುವುದಿಲ್ಲ, ಕಲ್ಲಿನ ದೂಳಿಗೆ ಸಾಲದು.

ಕೊಳ್ಳುವಾಗ ಐಎಸ್‌ಐ ಗುರುತಿನ ಮೇಲೆ ‘ಐಎಸ್ 9473’, ಕೆಳಗೆ ‘ಸಿಎಂ/ಎಲ್’ನಿಂದ ಶುರುವಾಗುವ ಪರವಾನಗಿ ಸಂಖ್ಯೆ ಇದೆಯೇ ನೋಡಿ. ಆ ಸಂಖ್ಯೆಯನ್ನು ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಹಾಕಿದರೆ ತಯಾರಕರ ವಿವರ ಸಿಗುತ್ತದೆ. ಸಿಗದಿದ್ದರೆ ಆ ಮಾಸ್ಕ್ ಬೇಡ.

ಮೂಗಿನ ಪಟ್ಟಿ ಒತ್ತಿ, ಅಂಚಿನಿಂದ ಗಾಳಿ ನುಸುಳದಂತೆ ಹಾಕಿಕೊಳ್ಳಲು ತಮ್ಮನಿಗೆ ಹೇಳಿ. ಗಡ್ಡವಿದ್ದರೆ ಬಿಗಿ ಸಿಗದು. ಬಂಟ್ವಾಳ, ಮೂಡುಬಿದಿರೆಯ ತೋಟಗಳಲ್ಲಿ ಕೀಟನಾಶಕ ಹೊಡೆಯುವವರೂ ಗಮನಿಸಿ: ಈ ಮಾಸ್ಕ್ ವಿಷದ ಆವಿಯನ್ನು ತಡೆಯದು.